ಪರವಾನಗಿ ಸಡಿಲವಾಗಲಿ, ಪಾಳಿ ಬಿಗಿಯಾಗಿರಲಿ

ಎಲೆಕ್ಟ್ರಾನಿಕ್ ಸಿಟಿಯ ಮೊದಲ ಹಂತದ ಜಮೀನು ಕಾಗದಗಳಲ್ಲಿ ಹೋಬಳಿಯ ಹೆಸರು ಬೇಗೂರು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಈ ಹೋಬಳಿಗೆ ಸೇರಿದ ಊರುಗಳು. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಹೊಣೆ ಹೊತ್ತಿದ್ದ ಆರ್.ಕೆ. ಬಾಳಿಗಾ ಅವರು ಇಲ್ಲಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮಗಳಿಗೊಂದು ನೆಲೆ ಕಟ್ಟಲು ಹೊರಟರು. ಇನ್ನೊಂದು ಕಡೆ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಬೇಗೂರು ರಸ್ತೆ ಕವಲೊಡೆಯುತ್ತದೆ. ಆ ಸುತ್ತಮುತ್ತ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ದೊಡ್ಡ ಗುಂಪೇ ಇದೆ. ಹೀಗಾಗಿ ಬೇಗೂರಿನ ಒಂದೇ ಅಡ್ಡರಸ್ತೆಯಲ್ಲಿ ಸಾಫ್ಟ್‌ವೇರ್ ಬರೆಯುವವರೂ ಶರ್ಟಿನ ಕಾಲರ್ ಹೊಲಿಯುವವರೂ ಬಾಡಿಗೆಗೆ ಇರುತ್ತಾರೆ. ಊಟದ ಡಬ್ಬಿ ಹಿಡಿದು ಹೊರಟ ಹೆಂಗಸರು, ಕಂಪನಿಯ ಕ್ಯಾಬಿಗೆ ಕಾದು ನಿಂತವರು, ಬೆನ್ನಿಗೆ ಚೀಲ ಏರಿಸಿಕೊಂಡ ಡೆಲಿವರಿ ಹುಡುಗರು ಎಲ್ಲರೂ ಒಂದೇ ದಾರಿಯ ಜನ.

ಉದ್ಯಮದ ಮೇಲೆ ಸರ್ಕಾರದ ಹಿಡಿತ ಸಡಿಲವಾಗಬೇಕೇ ಎಂಬ ಪ್ರಶ್ನೆಯನ್ನು ಹೂಡಿಕೆದಾರರ ಸಮಾವೇಶದಲ್ಲಿ ಕೇಳುವುದಕ್ಕಿಂತ ಈ ಅಡ್ಡರಸ್ತೆಯಲ್ಲಿ ಕೇಳುವುದು ಮೇಲು. ಇಲ್ಲಿ ಅದಕ್ಕೆ ಎರಡು ಉತ್ತರಗಳು ಸಿಗುತ್ತವೆ, ಎರಡೂ ನಿಜ. ಯಾಕೆಂದರೆ ಸರ್ಕಾರದ ನಿಯಮಗಳಲ್ಲೇ ಎರಡು ಬಗೆಯಿವೆ. ಉದ್ಯಮ ತೆರೆಯುವ ಮೊದಲು ಅನುಮತಿ ಪಡೆಯಬೇಕೆನ್ನುವ ನಿಯಮ ಒಂದು ಬಗೆ. ಆ ಉದ್ಯಮದಲ್ಲಿ ದುಡಿಯುವವರ ಹೊತ್ತು, ಸಂಬಳ, ಜೀವ ಇವನ್ನು ಕಾಯುವ ನಿಯಮ ಇನ್ನೊಂದು. ಮೊದಲನೆಯದನ್ನು ಸಡಿಲಿಸಿದ್ದರಿಂದ ಈ ಹೋಬಳಿ ಬೆಳೆಯಿತು. ಎರಡನೆಯದನ್ನು ಸಡಿಲಿಸಿದರೆ ಅದರ ಬೆಲೆ ತೆರುವವರು ಇದೇ ಹೋಬಳಿಯಲ್ಲಿ ಅತಿ ಕಡಿಮೆ ಬಲ ಇರುವವರು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಸುಧಾರಣೆ ಎಂದು ಮಂಡಿಸುತ್ತಿರುವುದರಿಂದ ಚರ್ಚೆ ದಾರಿ ತಪ್ಪಿದೆ. ಆ ಗಂಟನ್ನು ಬಿಚ್ಚಿ ನೋಡಬೇಕು.

ಮೊದಲು ಅನುಮತಿಯ ಕಥೆ. 1951ರ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ ಪ್ರಕಾರ, ಪಟ್ಟಿಯಲ್ಲಿದ್ದ ಉದ್ಯಮಗಳು ಏನನ್ನು ತಯಾರಿಸಬೇಕು, ಎಷ್ಟು ತಯಾರಿಸಬೇಕು ಎಂಬುದಕ್ಕೆಲ್ಲ ದೆಹಲಿಯ ಲೈಸೆನ್ಸ್ ಬೇಕಿತ್ತು. ಹೊರದೇಶದಿಂದ ಯಂತ್ರ ತರಿಸಲು ಇನ್ನೊಂದು ಲೈಸೆನ್ಸ್. ಇನ್ಫೊಸಿಸ್‌ನ ಆರಂಭದ ದಿನಗಳಲ್ಲಿ ಒಂದು ಕಂಪ್ಯೂಟರ್ ಆಮದು ಮಾಡಿಕೊಳ್ಳಲು ವರ್ಷಗಟ್ಟಲೆ ಕಾದದ್ದನ್ನು, ಅದಕ್ಕಾಗಿ ದೆಹಲಿಗೆ ಮತ್ತೆ ಮತ್ತೆ ಅಲೆದದ್ದನ್ನು ಎನ್.ಆರ್. ನಾರಾಯಣಮೂರ್ತಿ ಅನೇಕ ಸಲ ಹೇಳಿದ್ದಾರೆ. 1991ರ ಜುಲೈ 24ರಂದು ಪಿ.ವಿ. ನರಸಿಂಹ ರಾವ್ ಸರ್ಕಾರ ಹೊಸ ಕೈಗಾರಿಕಾ ನೀತಿ ತಂದು, 18 ಉದ್ಯಮಗಳನ್ನು ಬಿಟ್ಟು ಮಿಕ್ಕವಕ್ಕೆಲ್ಲ ಲೈಸೆನ್ಸ್ ಬೇಡವೆಂದಿತು. ಅದೇ ವರ್ಷ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಂಸ್ಥೆ ಹುಟ್ಟಿತು. ಸಾಫ್ಟ್‌ವೇರ್ ರಫ್ತಿಗೆ ಬೇಕಾದ ಉಪಗ್ರಹ ಸಂಪರ್ಕವೂ ಸುಂಕದ ರಿಯಾಯಿತಿಯೂ ಒಂದೇ ಬಾಗಿಲಲ್ಲಿ ಸಿಗತೊಡಗಿದವು. ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಗಾಜಿನ ಕಟ್ಟಡಗಳು ಎದ್ದದ್ದು ಅದಾದ ಮೇಲೆ. ಈ ಸಡಿಲಿಕೆ ಯಾರ ತುತ್ತನ್ನೂ ಕಸಿಯಲಿಲ್ಲ. ಲಕ್ಷಾಂತರ ಮಧ್ಯಮವರ್ಗದ ಮನೆಗಳಿಗೆ, ಆಮೇಲೆ ಹಳ್ಳಿಗಳಿಂದ ಬಂದ ಮೊದಲ ತಲೆಮಾರಿನ ಎಂಜಿನಿಯರುಗಳ ಮನೆಗಳಿಗೆ ಅದು ಅನ್ನ ಕೊಟ್ಟಿತು. ಇದನ್ನು ಮನಸಾರೆ ಒಪ್ಪದೆ ಕಾರ್ಮಿಕರ ಪರ ಮಾತಾಡುವುದು ಪ್ರಾಮಾಣಿಕವಾಗದು.

ಅನುಮತಿಯ ಕಾಟ ಪೂರ್ತಿ ತೊಲಗಿಲ್ಲ ಎಂಬುದೂ ನಿಜ. ಪೀಣ್ಯದಲ್ಲಿ ಕೆಲವೇ ಜನರನ್ನಿಟ್ಟುಕೊಂಡು ಬಿಡಿಭಾಗ ತಯಾರಿಸುವ ಮಾಲೀಕ ಮಾಲಿನ್ಯ ನಿಯಂತ್ರಣ ಮಂಡಳಿ, ಕಾರ್ಖಾನೆ ಇಲಾಖೆ, ಇಎಸ್‌ಐ, ಪಿಎಫ್, ಬೆಸ್ಕಾಂ, ಪಾಲಿಕೆ ಎಂದು ಒಂದೊಂದು ಬಾಗಿಲಿಗೂ ಅಲೆಯಬೇಕು. ತೀರಾ ಈಚಿನವರೆಗೂ ಒಂದೇ ಸಂಗತಿಯನ್ನು ಹಲವು ರಿಜಿಸ್ಟರುಗಳಲ್ಲಿ ಬರೆದಿಡಬೇಕಿತ್ತು. ದೊಡ್ಡ ಕಂಪನಿಗೆ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ. ಸಣ್ಣ ಮಾಲೀಕನಿಗೆ ಅವನೇ ಎಲ್ಲ, ಯಂತ್ರದ ಮುಂದೆ ನಿಲ್ಲಬೇಕಾದವನೂ ಅವನೇ. ತಪಾಸಣೆಗೆ ಬಂದವರ ಕೈ ಬಿಸಿ ಮಾಡದೆ ಕಡತ ಮುಂದಕ್ಕೆ ಹೋಗದ ಅನುಭವ ಈ ವಲಯದಲ್ಲಿ ಹೊಸತಲ್ಲ. 2002ರ ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದು, ಪ್ರಮಾಣಪತ್ರ ಸಲ್ಲಿಸಿದವರು ಹಲವು ಅನುಮತಿಗಳಿಗೆ ಕಾಯದೆ ಕಾರ್ಖಾನೆ ಕಟ್ಟುವ ಕೆಲಸ ಶುರು ಮಾಡಬಹುದು ಎಂಬ ದಾರಿ ತೆರೆದದ್ದು ಇಂಥವರ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ. ಇಂಥ ಸಡಿಲಿಕೆ ಇನ್ನೂ ಬೇಕು.

ಇನ್ನು ಎರಡನೆಯ ಬಗೆಯ ನಿಯಮ. ಅದರ ಮೂಲ ಬೇರೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ನಮ್ಮಲ್ಲಿ 1934ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 54 ಗಂಟೆ ಇತ್ತು. ಬಿ.ಆರ್. ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ ಮಂಡನೆಯಾಗಿ 1946ರಲ್ಲಿ ಜಾರಿಯಾದ ತಿದ್ದುಪಡಿ ಅದನ್ನು 48ಕ್ಕೆ ಇಳಿಸಿತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಗಟ್ಟಿ ಮಾಡಿತು. ದಿನಕ್ಕೆ ಒಂಬತ್ತು ಗಂಟೆ ಮೀರಬಾರದು. ಬಿಡುವೂ ಸೇರಿ ಗೇಟಿನೊಳಗೆ ಇರಿಸಿಕೊಳ್ಳುವ ಹೊತ್ತು ಹತ್ತೂವರೆ ಗಂಟೆ ದಾಟಬಾರದು. ಹೆಚ್ಚುವರಿ ಕೆಲಸಕ್ಕೆ, ಅಂದರೆ ಓಟಿಗೆ, ಎರಡು ಪಟ್ಟು ಕೂಲಿ. ಓಟಿಯೂ ಮೂರು ತಿಂಗಳಿಗೆ ಇಷ್ಟೇ ಎಂಬ ಮಿತಿ. ಹೆಂಗಸರು ಮೂವತ್ತಕ್ಕಿಂತ ಹೆಚ್ಚಿದ್ದರೆ ಶಿಶುವಿಹಾರ. ಈ ಒಂದೊಂದು ಸಾಲಿನ ಹಿಂದೆಯೂ ಬಳಲಿ ಬಿದ್ದ ಮೈಗಳ, ಯಂತ್ರಕ್ಕೆ ಸಿಕ್ಕ ಕೈಗಳ ಅನುಭವವಿದೆ.

ಕೋವಿಡ್ ಬಂದಾಗ ಈ ಗೋಡೆಗೆ ಮೊದಲ ಬಿರುಕು ಬಿತ್ತು. 2020ರ ಮೇ 22ರಂದು ಕರ್ನಾಟಕ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಮೂರು ತಿಂಗಳ ಮಟ್ಟಿಗೆ ಕಾರ್ಖಾನೆಗಳಲ್ಲಿ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆ ದುಡಿಸಬಹುದೆಂದಿತು. ಯುದ್ಧದಂಥ ಸಾರ್ವಜನಿಕ ತುರ್ತಿಗೆಂದು ಕಾಯ್ದೆಯ ಐದನೇ ಕಲಮಿನಲ್ಲಿ ಇದ್ದ ಅಧಿಕಾರವನ್ನು ಅದಕ್ಕೆ ಬಳಸಲಾಯಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ರಂದು ಅದನ್ನು ಹಿಂತೆಗೆದುಕೊಂಡಿತು. ಗುಜರಾತಿನ ಇಂಥದ್ದೇ ಅಧಿಸೂಚನೆಯನ್ನು ಅದೇ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸಾಂಕ್ರಾಮಿಕ ರೋಗದ ಆರ್ಥಿಕ ಭಾರವನ್ನು ಕಾರ್ಮಿಕರ ಬೆನ್ನಿಗೆ ಹೊರಿಸಲು ಆ ಕಲಮು ಅವಕಾಶ ಕೊಡುವುದಿಲ್ಲ ಎಂಬುದು ತೀರ್ಪಿನ ತಿರುಳು.

ಹೊತ್ತಿನ ಮಿತಿ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಎರಡೇ ತಿಂಗಳ ನಂತರ ಕೋಲಾರದ ನರಸಾಪುರ ತೋರಿಸಿತು. 2020ರ ಡಿಸೆಂಬರ್ 12ರ ಬೆಳಗಿನ ಜಾವ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರ ಸಿಟ್ಟು ಸಿಡಿಯಿತು. ಗಾಜು, ಯಂತ್ರ, ವಾಹನಗಳು ಪುಡಿಯಾದವು. ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಆ ಹಾನಿಯನ್ನು ಯಾರೂ ಸಮರ್ಥಿಸಲಾರರು. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆಯ ತನಿಖೆ ಕಂಡದ್ದೇನು? ಸ್ವಲ್ಪ ಅವಧಿಯಲ್ಲೇ ಕೆಲಸಗಾರರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು, ಬಹುಪಾಲು ಜನ ಗುತ್ತಿಗೆಯವರು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಗಿತ್ತು. ಹಾಜರಾತಿಯ ಲೆಕ್ಕ ಹದಗೆಟ್ಟಿತ್ತು, ಸಂಬಳ ಸರಿಯಾಗಿ ಕೈಸೇರಿರಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ತನ್ನ ಉನ್ನತ ಅಧಿಕಾರಿಯೊಬ್ಬರನ್ನು ಹುದ್ದೆಯಿಂದ ತೆಗೆಯಿತು. ಕೆಲಸದ ಹೊತ್ತಿನ ನಿರ್ವಹಣೆಯಲ್ಲಿ ಲೋಪವಿದೆಯೆಂದು ಆಪಲ್ ಹೇಳಿ, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಕಾನೂನು ಅಲ್ಲಿ ಇರಲಿಲ್ಲವೆಂದಲ್ಲ. ಅದನ್ನು ನೋಡಿಕೊಳ್ಳುವವರು ಸಮಯಕ್ಕೆ ಬಾಗಿಲು ತಟ್ಟಲಿಲ್ಲ.

ಇಂಥ ಘಟನೆಯ ಪಾಠ ತಪಾಸಣೆ ಬಿಗಿಯಾಗಬೇಕು ಎಂಬುದಾಗಬೇಕಿತ್ತು. ನಡೆದದ್ದು ಬೇರೆ. 2023ರ ಫೆಬ್ರುವರಿಯಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ರಾಜ್ಯದ ತಿದ್ದುಪಡಿಯನ್ನು ಸದನದಲ್ಲಿ ಅಂಗೀಕರಿಸಿತು. ಬಿಡುವೂ ಸೇರಿ ದಿನಕ್ಕೆ ಹನ್ನೆರಡು ಗಂಟೆಯವರೆಗೆ ಪಾಳಿ ಇಡಬಹುದು, ವಾರದ ಮಿತಿ ಮಾತ್ರ 48 ಗಂಟೆಯೇ. ಮೂರು ತಿಂಗಳ ಓಟಿಯ ಮಿತಿ 75 ಗಂಟೆಯಿಂದ 145 ಗಂಟೆಗೆ ಏರಿತು. ಷರತ್ತುಗಳೊಡನೆ ಹೆಂಗಸರಿಗೆ ರಾತ್ರಿ ಪಾಳಿಗೂ ಅನುಮತಿ ಸಿಕ್ಕಿತು. ಆಪಲ್ ಮತ್ತು ಫಾಕ್ಸ್‌ಕಾನ್ ಇದಕ್ಕಾಗಿ ಒತ್ತಾಯಿಸಿದ್ದವೆಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಮರುತಿಂಗಳು ವರದಿ ಮಾಡಿತು. ಆಗ ವಿರೋಧ ಪಕ್ಷದಲ್ಲಿದ್ದವರು ಕೆಲವೇ ತಿಂಗಳಲ್ಲಿ ಅಧಿಕಾರಕ್ಕೆ ಬಂದರು. ತಿದ್ದುಪಡಿ ಹಾಗೆಯೇ ಉಳಿಯಿತು.

ಈ ಅಂಕಿಗಳನ್ನು ಒಂದು ವಾರಕ್ಕೆ ಇಳಿಸಿ ನೋಡೋಣ. ಮೂರು ತಿಂಗಳೆಂದರೆ ಹದಿಮೂರು ವಾರ. 145 ಗಂಟೆಯನ್ನು ಹಂಚಿದರೆ ವಾರಕ್ಕೆ ಹನ್ನೊಂದು ಗಂಟೆ ಓಟಿ. 48ಕ್ಕೆ ಅದನ್ನು ಸೇರಿಸಿದರೆ 59 ಗಂಟೆ. 2020ರಲ್ಲಿ ಹಿಂತೆಗೆದುಕೊಂಡ ಅರವತ್ತು ಗಂಟೆಯ ವಾರಕ್ಕೂ ಇದಕ್ಕೂ ಇರುವ ಅಂತರ ಒಂದೇ ಗಂಟೆ. ಚೀನಾದೊಡನೆ ಪೈಪೋಟಿ ಮಾಡಲು ಇದು ಬೇಕು ಎನ್ನುವವರು ಆ ದೇಶದ ಕಾನೂನನ್ನೂ ಓದಬೇಕು. ಅಲ್ಲಿನ ಕಾರ್ಮಿಕ ಕಾಯ್ದೆಯಲ್ಲಿ ಓಟಿಯ ಮಿತಿ ತಿಂಗಳಿಗೆ 36 ಗಂಟೆ, ಅಂದರೆ ಮೂರು ತಿಂಗಳಿಗೆ 108. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ವಾರಕ್ಕೆ ಆರು ದಿನ ದುಡಿಸುವ ಪದ್ಧತಿ ಕಾನೂನುಬಾಹಿರ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಸಾರಿತು. ಅಲ್ಲಿ ಈ ಮಿತಿಗಳು ಮುರಿಯುವುದುಂಟು. ಆದರೂ ಕಾಗದದ ಮೇಲಾದರೂ ಅವರು ಇಟ್ಟುಕೊಂಡ ಮಿತಿಯನ್ನು ನಾವು ಕಾಗದದ ಮೇಲೇ ದಾಟಿದ್ದೇವೆ.

ಪಕ್ಕದ ತಮಿಳುನಾಡಿನ ನಡೆ ಗಮನಿಸಬೇಕಾದದ್ದು. 2023ರ ಏಪ್ರಿಲ್ 21ರಂದು ಅಲ್ಲಿನ ವಿಧಾನಸಭೆಯೂ ಹನ್ನೆರಡು ಗಂಟೆಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಾರ್ಮಿಕ ಸಂಘಗಳಷ್ಟೇ ಅಲ್ಲ, ಆಳುವ ಪಕ್ಷದ ಮಿತ್ರಪಕ್ಷಗಳೂ ತಿರುಗಿಬಿದ್ದವು. ಮೂರೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು, ಮೇ ದಿನದಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ವಾಪಸು ಪಡೆದುದಾಗಿ ಹೇಳಿದರು. ಇದರಿಂದ ಅತ್ತಿಬೆಲೆಯ ಗಡಿಯಾಚೆ, ಹೊಸೂರಿನಲ್ಲಿ, ಕಾರ್ಖಾನೆಗಳು ಬಾಗಿಲು ಮುಚ್ಚಲಿಲ್ಲ. ಎಲೆಕ್ಟ್ರಾನಿಕ್ಸ್ ರಫ್ತಿನಲ್ಲಿ ತಮಿಳುನಾಡು ದೇಶದ ಮುಂಚೂಣಿಯಲ್ಲೇ ಇದೆ. ಬಂಡವಾಳ ಬರಲು ಹನ್ನೆರಡು ಗಂಟೆಯ ಪಾಳಿಯೇ ಬೇಕೆಂಬ ವಾದಕ್ಕೆ ನಮ್ಮ ನೆರೆಯೇ ಉತ್ತರ ಕೊಟ್ಟಿದೆ.

ತಿದ್ದುಪಡಿಯನ್ನು ಸಮರ್ಥಿಸುವವರು ಒಂದು ಮಾತು ಹೇಳುತ್ತಾರೆ: ಯಾರನ್ನೂ ಬಲವಂತ ಮಾಡುವುದಿಲ್ಲ, ಕೆಲಸಗಾರರ ಲಿಖಿತ ಒಪ್ಪಿಗೆ ಬೇಕೇ ಬೇಕು. ನಾಲ್ಕು ದಿನ ದುಡಿದು ಮೂರು ದಿನ ರಜೆ ಪಡೆಯುವ ಅನುಕೂಲವೂ ಇದೆ. ಕೇಳಲು ಹಿತವಾಗಿದೆ. ಆದರೆ ಗಾರ್ಮೆಂಟ್ಸ್ ಲೈನಿನಲ್ಲಿ ಕೂತವರ ದಿನವನ್ನು ನೆನೆದು ಈ ಒಪ್ಪಿಗೆಯನ್ನು ಅಳೆಯಬೇಕು. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಬರೆದ ಬೋರ್ಡು ಕಣ್ಣೆದುರಿಗೇ ಇರುತ್ತದೆ. ಪ್ರೊಡಕ್ಷನ್ ಕಡಿಮೆಯಾದರೆ ಸೂಪರ್‌ವೈಸರ್ ಎಲ್ಲರೆದುರು ಕೂಗಾಡುತ್ತಾರೆ. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ಬಾಟಲಿ ಮುಟ್ಟದವರಿದ್ದಾರೆ. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕಾಗುತ್ತದೆಂದು, ಅದರ ಬದಲು ಇನ್ನೊಂದು ದಿನ ರಜೆ ಕೊಟ್ಟು ಲೆಕ್ಕ ಸರಿದೂಗಿಸುವ ರೂಢಿಯ ಬಗ್ಗೆ ಕಾರ್ಮಿಕ ಸಂಘಗಳು ಬಹಳ ಕಾಲದಿಂದ ದೂರುತ್ತಿವೆ. ಇಂಥಲ್ಲಿ ಒಪ್ಪಿಗೆಯ ಕಾಗದ ಮುಂದಿಟ್ಟಾಗ ಸಹಿ ಹಾಕುವುದಿಲ್ಲ ಎನ್ನಲು ಯಾರಿಗೆ ಧೈರ್ಯ ಬಂದೀತು? ಒಡಿಶಾದಿಂದಲೋ ಜಾರ್ಖಂಡದಿಂದಲೋ ಬಂದು ಕಂಪನಿಯ ಹಾಸ್ಟೆಲಿನಲ್ಲಿರುವ ಹುಡುಗಿಗೆ ಕೆಲಸದ ಜೊತೆಗೆ ತಲೆಮೇಲಿನ ಸೂರೂ ಅದೇ ಸಹಿಯ ಮೇಲೆ ನಿಂತಿರುತ್ತದೆ.

ಹೆಂಗಸಿನ ಹೊತ್ತು ಕಾರ್ಖಾನೆಯ ಗೇಟಿನಲ್ಲಿ ಮುಗಿಯುವುದೂ ಇಲ್ಲ. ಬೇಗೂರು, ಹೊಂಗಸಂದ್ರದ ಬಾಡಿಗೆ ಮನೆಗಳಲ್ಲಿ ಅವಳು ಬೆಳಗಿನ ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಮಕ್ಕಳಿಗೆ ಡಬ್ಬಿ ಕಟ್ಟಿ ಹೊರಟಿರುತ್ತಾಳೆ. ಸಂಜೆ ಬಂದಮೇಲೆ ಮತ್ತೆ ಅಷ್ಟೇ ಕೆಲಸ. ಹನ್ನೆರಡು ಗಂಟೆಯ ಪಾಳಿಗೆ ಹೊಸೂರು ರಸ್ತೆಯ ಟ್ರಾಫಿಕ್ಕನ್ನೂ ಮನೆಗೆಲಸವನ್ನೂ ಕೂಡಿಸಿದರೆ ನಿದ್ದೆಗೆ ಉಳಿಯುವುದು ನಾಲ್ಕೈದು ಗಂಟೆ. ಮೂರು ದಿನದ ರಜೆ ಆ ನಾಲ್ಕು ದಿನದ ನಿದ್ದೆಯನ್ನು ವಾಪಸು ಕೊಡದು. ಒಂದು ದಿನದ ದಣಿವು ಆ ದಿನವೇ ಆರಬೇಕು ಎಂಬ ಅರಿವಿನಿಂದಲೇ ಕಾನೂನು ವಾರಕ್ಕೊಂದು ಮಿತಿಯ ಜೊತೆಗೆ ದಿನಕ್ಕೂ ಒಂದು ಮಿತಿ ಇಟ್ಟದ್ದು.

ಈ ಹೆಂಗಸರನ್ನು ಕೇಳದೆ ನಿಯಮ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಈ ರಸ್ತೆ ಒಮ್ಮೆ ಕಂಡಿದೆ. 2016ರ ಫೆಬ್ರುವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಗಾರ್ಮೆಂಟ್ಸಿನಲ್ಲಿ ಐವತ್ತೆಂಟರವರೆಗೆ ದುಡಿಯುವವರು ಅಪರೂಪ. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಹಣವೇ ಮಗಳ ಕಾಲೇಜು ಫೀಸು, ಊರಿನ ಸಾಲ, ಆಸ್ಪತ್ರೆಯ ಖರ್ಚು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಸಾವಿರಾರು ಹೆಂಗಸರು ಕೆಲಸ ನಿಲ್ಲಿಸಿ ಹೊಸೂರು ರಸ್ತೆಗೆ ಇಳಿದರು. ಕರೆ ಕೊಟ್ಟ ನಾಯಕರು ಇರಲಿಲ್ಲ, ಬ್ಯಾನರ್ ಇರಲಿಲ್ಲ. ಮರುದಿನ ಪ್ರತಿಭಟನೆ ಹೆಬ್ಬಗೋಡಿಗೂ ಪೀಣ್ಯದ ಕಡೆಗೂ ಹಬ್ಬಿತು. ಲಾಠಿ ಬೀಸಿತು, ವಾಹನಗಳು ಸುಟ್ಟವು, ಆ ಗಲಭೆಯ ನೋವು ಹಲವು ಮನೆಗಳಿಗೆ ತಟ್ಟಿತು. ಅಂದೇ ಸಂಜೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ನಿಯಮವನ್ನು ರದ್ದು ಮಾಡಿದರು. ದೇಶದ ಕೋಟ್ಯಂತರ ಪಿಎಫ್ ಖಾತೆದಾರರಿಗೆ ಅದರ ಲಾಭ ಸಿಕ್ಕಿತು. ಕರಡು ಹಂತದಲ್ಲೇ ಈ ಹೆಂಗಸರ ಒಂದು ಮಾತು ಕೇಳಿದ್ದರೆ ಆ ಎರಡು ದಿನಗಳು ಬರುತ್ತಲೇ ಇರಲಿಲ್ಲ.

ಕಾನೂನು ಅವರ ಪರ ಇದ್ದಾಗಲೂ ಹಣ ಕೈಗೆ ಬರುವ ದಾರಿ ದೂರ. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕೋವಿಡ್ ಕಾರಣ ಹೇಳಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಈ ಮುಂದೂಡಿಕೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ ಹಲವು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಬಾಕಿ ಕೈಸೇರಿದ್ದು 2022ರ ಹೊತ್ತಿಗೆ, ಅದೂ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದಮೇಲೆ. 417 ರೂಪಾಯಿ ಒಂದು ಮನೆಯ ಒಂದು ವಾರದ ಹಾಲು ತರಕಾರಿಯ ಖರ್ಚು. ಅದನ್ನು ಲಕ್ಷಾಂತರ ಜನರಿಂದ ತಿಂಗಳುಗಟ್ಟಲೆ ಹಿಡಿದಿಟ್ಟರೆ ಮೊತ್ತ ನೂರಾರು ಕೋಟಿಗೆ ಮುಟ್ಟುತ್ತದೆ.

ಅದೇ ಅಡ್ಡರಸ್ತೆಯ ಐಟಿ ಉದ್ಯೋಗಿಗಳು ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ಭಾವಿಸುವಂತಿಲ್ಲ. ಕೆಲಸದ ಷರತ್ತು, ಶಿಸ್ತುಕ್ರಮ, ವಜಾ ಮಾಡುವ ಕ್ರಮ ಇವನ್ನು ಮೊದಲೇ ಬರೆದಿಟ್ಟು ಸರ್ಕಾರದಿಂದ ದೃಢೀಕರಣ ಪಡೆಯಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ತನ್ನ ಐಟಿ ಉದ್ಯಮಕ್ಕೆ ಬಹಳ ಕಾಲದಿಂದ ವಿನಾಯಿತಿ ಕೊಡುತ್ತಾ ಬಂದಿದೆ. 2014ರಲ್ಲಿ, 2019ರಲ್ಲಿ, ಮತ್ತೆ 2024ರ ಜೂನ್‌ನಲ್ಲಿ ಐದೈದು ವರ್ಷಕ್ಕೆ ಅದು ಮುಂದುವರಿಯಿತು. ವಿನಾಯಿತಿಗೆ ಷರತ್ತುಗಳಿವೆ. ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಬೇಕು. ಮಾಲೀಕರೂ ನೌಕರರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು. ಅಮಾನತು, ಹಿಂಬಡ್ತಿ, ವಜಾಗಳ ವಿವರವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಈ ಷರತ್ತುಗಳು ಪಾಲನೆಯಾಗುತ್ತಿಲ್ಲವೆಂಬುದು 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘದ ನಿರಂತರ ದೂರು. ತಮ್ಮ ಕಂಪನಿಯಲ್ಲಿ ಇಂಥ ಕುಂದುಕೊರತೆ ಸಮಿತಿಯೊಂದು ಇರಬೇಕು ಎಂಬುದೇ ಅನೇಕ ನೌಕರರಿಗೆ ಗೊತ್ತಿಲ್ಲ.

ಹೊತ್ತಿನ ಪ್ರಶ್ನೆ ಅವರ ಬಾಗಿಲಿಗೂ ಬಂತು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ, ಓಟಿ ಸೇರಿದರೂ ಹತ್ತು ಗಂಟೆ, ಮೂರು ತಿಂಗಳಿಗೆ ಓಟಿ 50 ಗಂಟೆ ಎಂಬ ಮಿತಿಗಳಿವೆ. 2024ರ ಜುಲೈನಲ್ಲಿ ಐಟಿ ಉದ್ಯಮಕ್ಕೆ ದಿನಕ್ಕೆ ಹದಿನಾಲ್ಕು ಗಂಟೆಯವರೆಗೆ ಅವಕಾಶ ಕೊಡುವ ಪ್ರಸ್ತಾವ ಸುದ್ದಿಯಾಯಿತು. ಉದ್ಯಮದವರ ಬೇಡಿಕೆಯಿಂದ ಅದು ಬಂದದ್ದೆಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಹೇಳಿದರು. ವಿರೋಧ ಎದ್ದಮೇಲೆ ಅದು ಹಿಂದೆ ಸರಿಯಿತು. 2025ರ ಜೂನ್‌ನಲ್ಲಿ ದಿನಕ್ಕೆ ಹತ್ತು ಗಂಟೆ, ಓಟಿ ಸೇರಿ ಹನ್ನೆರಡು ಗಂಟೆ, ಮೂರು ತಿಂಗಳಿಗೆ ಓಟಿ 144 ಗಂಟೆ ಎಂಬ ಪ್ರಸ್ತಾವ ಮತ್ತೆ ಮೇಜಿಗೆ ಬಂತು. ಗಾರ್ಮೆಂಟ್ಸಿಗೆ ಮೊದಲು ಬಂದದ್ದೇ ಎರಡು ವರ್ಷದ ನಂತರ ಐಟಿಗೆ ಬಂದಿದೆ. ನೆರೆಮನೆಯವಳ ಪಾಳಿ ಉದ್ದವಾದಾಗ ಸುಮ್ಮನಿದ್ದವರಿಗೆ ತಮ್ಮ ಪಾಳಿ ಉದ್ದವಾಗುವಾಗ ಜೊತೆಗಾರರು ಸಿಗುವುದು ಕಷ್ಟ.

ಈಗ ಇವೆಲ್ಲದರ ಮೇಲೆ ಹೊಸ ಚೌಕಟ್ಟು ಬಂದಿದೆ. 29 ಕೇಂದ್ರ ಕಾರ್ಮಿಕ ಕಾಯ್ದೆಗಳನ್ನು ಒಳಗೊಂಡ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಅವುಗಳಲ್ಲಿ ಒಳ್ಳೆಯದೂ ಇದೆ: ಎಲ್ಲರಿಗೂ ನೇಮಕಾತಿ ಪತ್ರ, ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚುಯಿಟಿ, ಹಲವು ರಿಜಿಸ್ಟರುಗಳ ಬದಲು ಕೆಲವೇ ದಾಖಲೆ. ಸಣ್ಣ ಮಾಲೀಕರಿಗೆ ಇದು ನೆಮ್ಮದಿ. ಆದರೆ ಅದೇ ಸಂಹಿತೆಗಳು ರಕ್ಷಣೆಯ ಗೆರೆಯನ್ನೂ ಮೇಲಕ್ಕೆ ಎಳೆದಿವೆ. ಕಾರ್ಖಾನೆ ಬಾಗಿಲು ಹಾಕುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕಾದ ಮಿತಿ ನೂರು ಜನರಿಂದ ಮುನ್ನೂರಕ್ಕೆ ಏರಿತು. ಸ್ಥಾಯಿ ಆದೇಶಗಳು ಬೇಕಾಗುವುದೂ ಮುನ್ನೂರು ಜನರಿದ್ದರೆ ಮಾತ್ರ. ಕರ್ನಾಟಕದಲ್ಲಿ ಹಿಂದೆ ಐವತ್ತು ಜನರಿದ್ದರೆ ಸಾಕಿತ್ತು. ಗುತ್ತಿಗೆ ಕಾರ್ಮಿಕರ ನಿಯಮ ಅನ್ವಯಿಸಲು ಇಪ್ಪತ್ತರ ಬದಲು ಐವತ್ತು ಜನ ಇರಬೇಕು. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಹತ್ತರ ಬದಲು ಇಪ್ಪತ್ತು ಜನ ಬೇಕು.

ಈ ಕೊನೆಯದು ಪೀಣ್ಯದಂಥ ಕಡೆ ಬಹಳ ಮುಖ್ಯ. ಅಲ್ಲಿನ ಜೀವಾಳವೇ ಸಣ್ಣ ಘಟಕಗಳು. ಪವರ್ ಪ್ರೆಸ್ಸಿಗೆ ತಾನು ನಿಂತಿರುವ ಘಟಕದಲ್ಲಿ ಹನ್ನೆರಡು ಜನರಿದ್ದಾರೋ ಇನ್ನೂರು ಜನರಿದ್ದಾರೋ ಗೊತ್ತಿರುವುದಿಲ್ಲ. ಬೆರಳು ಹೋಗುವುದು ಎರಡೂ ಕಡೆ ಒಂದೇ ಬಗೆಯಲ್ಲಿ. ಕಾಗದಪತ್ರದ ಹೊರೆಯನ್ನು ಕೆಲಸಗಾರರ ಸಂಖ್ಯೆಗೆ ತಕ್ಕಂತೆ ಇಳಿಸುವುದು ನ್ಯಾಯ. ಸುರಕ್ಷತೆಯನ್ನು ಅಪಾಯಕ್ಕೆ ತಕ್ಕಂತೆ ಅಳೆಯಬೇಕೇ ಹೊರತು ತಲೆ ಎಣಿಸಿ ಅಲ್ಲ.

ತಪಾಸಣೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಇನ್‌ಸ್ಪೆಕ್ಟರ್ ಈಗ ನೆರವು ನೀಡುವ ಅಧಿಕಾರಿಯೂ ಹೌದು. ಯಾವ ಘಟಕಕ್ಕೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಆರಿಸುತ್ತದೆ. ಲಂಚ ತಡೆಯಲು ಇದು ನೆರವಾದರೆ ಸಂತೋಷ. ಆದರೆ ಮುನ್ಸೂಚನೆ ಕೊಡದೆ, ಯಾವ ಹೊತ್ತಿನಲ್ಲಾದರೂ ಕಾರ್ಖಾನೆಯೊಳಗೆ ಹೋಗುವ ಅಧಿಕಾರ ತಪಾಸಣಾಧಿಕಾರಿಗೆ ಇರಬೇಕೆಂದು 1947ರ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ, ಭಾರತ 1949ರಲ್ಲೇ ಅದನ್ನು ಅನುಮೋದಿಸಿದೆ. 2013ರ ಏಪ್ರಿಲ್ 24ರಂದು ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸಗಾರರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದವು. ಒಳಗೆ ಹೋಗಬೇಡಿ ಎಂದು ಹೇಳಿ, ಆ ಮಾತನ್ನು ನಡೆಸುವ ಬಲ ಇದ್ದವರು ಯಾರೂ ಅಲ್ಲಿರಲಿಲ್ಲ. ತಪಾಸಣಾಧಿಕಾರಿ ಲಂಚ ತಿಂದರೆ ಅವನನ್ನು ಶಿಕ್ಷಿಸಬೇಕು. ತಪಾಸಣೆಯನ್ನೇ ತೆಗೆದರೆ ಶಿಕ್ಷೆ ಅನುಭವಿಸುವವರು ಕೆಲಸಗಾರರು.

ಹೊರೆ ಹೇರದೆಯೂ ರಕ್ಷಣೆ ಕೊಡಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆ ಡೆಲಿವರಿ, ಟ್ಯಾಕ್ಸಿ ಕಂಪನಿಗಳ ಪ್ರತಿ ವಹಿವಾಟಿನಲ್ಲಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಿಡಿದು ಸವಾರರ ಸಾಮಾಜಿಕ ಭದ್ರತೆಗೆ ಇಡುವ ವ್ಯವಸ್ಥೆ ಮಾಡಿತು. ಕಾರಣ ತಿಳಿಸದೆ, ಹದಿನಾಲ್ಕು ದಿನದ ನೋಟಿಸ್ ಕೊಡದೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂದಿತು. ಲೆಕ್ಕವೆಲ್ಲ ಕಂಪನಿಯ ಕಂಪ್ಯೂಟರಿನಲ್ಲೇ ಇರುವುದರಿಂದ ಇದಕ್ಕಾಗಿ ಮಾಲೀಕರು ಹತ್ತು ಕಚೇರಿ ಅಲೆಯಬೇಕಿಲ್ಲ. ಕಾಗದ ಕಡಿಮೆ, ಕಾವಲು ಹೆಚ್ಚು. ಕಾರ್ಖಾನೆಗಳಿಗೂ ಬೇಕಾದ್ದು ಈ ದಿಕ್ಕಿನ ಸುಧಾರಣೆ.

ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಸಂಹಿತೆಗಳು ಬಹಳಷ್ಟನ್ನು ರಾಜ್ಯದ ನಿಯಮಗಳಿಗೆ ಬಿಟ್ಟಿವೆ. ಓಟಿಯ ಒಟ್ಟು ಮಿತಿ ಎಷ್ಟು, ಪಾಳಿ ಎಷ್ಟು ಉದ್ದ ಎಂಬುದನ್ನು ವಿಧಾನಸೌಧದಲ್ಲಿ ಕೂತವರು ನಿರ್ಧರಿಸಬಲ್ಲರು. ಅವರಿಂದ ನಾವು ಕೇಳಬೇಕಾದ್ದು ಸ್ಪಷ್ಟವಾಗಿದೆ. ಓಟಿಯ ಮಿತಿಯನ್ನು 75 ಗಂಟೆಗೆ ವಾಪಸು ತನ್ನಿ. ಕೊಟ್ಟ ಒಪ್ಪಿಗೆಯನ್ನು ಕೆಲಸಕ್ಕೆ ಕುತ್ತು ಬರದಂತೆ ಹಿಂತೆಗೆದುಕೊಳ್ಳುವ ಹಕ್ಕನ್ನು ಬರೆದಿಡಿ. ಪ್ರೆಸ್ಸು, ಬಾಯ್ಲರು, ರಾಸಾಯನಿಕ ಇರುವ ಘಟಕದಲ್ಲಿ ಐದೇ ಜನರಿದ್ದರೂ ಸುರಕ್ಷತೆಯ ನಿಯಮ ಅನ್ವಯಿಸಲಿ. ತಪಾಸಣಾ ವರದಿಗಳನ್ನೂ ಐಟಿ ಕಂಪನಿಗಳ ಕುಂದುಕೊರತೆ ಸಮಿತಿಗಳ ವಿವರವನ್ನೂ ಎಲ್ಲರೂ ನೋಡುವಂತೆ ಪ್ರಕಟಿಸಿ. ಕರಡು ನಿಯಮಗಳನ್ನು ಕಾರ್ಖಾನೆಗಳ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ, ಜೊತೆಗೆ ಹಿಂದಿ, ಒಡಿಯಾಗಳಲ್ಲಿ ಹಾಕಿ, ಊಟದ ಬಿಡುವಿನಲ್ಲಿ ಅಭಿಪ್ರಾಯ ಕೇಳಿ. ಪೀಣ್ಯದ ಸಣ್ಣ ಮಾಲೀಕನಿಗೆ ವರ್ಷಕ್ಕೊಂದೇ ಅರ್ಜಿ, ಒಂದೇ ಬಾಗಿಲು ಸಾಕು ಎನ್ನಿ.

ಇವುಗಳಲ್ಲಿ ಯಾವುದೂ ಬಂಡವಾಳಕ್ಕೆ ಅಡ್ಡಿಯಾಗುವ ಬೇಡಿಕೆಯಲ್ಲ. ದೆಹಲಿಯ ಲೈಸೆನ್ಸ್ ತೊಲಗಿದಾಗ ಕೋನಪ್ಪನ ಅಗ್ರಹಾರಕ್ಕೆ ಬಂದ ಕಂಪನಿಗಳು ಕಲಿತ, ಆರೋಗ್ಯವಂತ ಜನರನ್ನು ಹುಡುಕಿಕೊಂಡು ಬಂದವು. ಬೆಂಗಳೂರಿನ ಬಲ ಅಂದೂ ಇಂದೂ ಅದೇ. ಮುಂದೆ ಯಾವುದೇ ಸರ್ಕಾರ ಒಂದು ನಿಯಮವನ್ನು ಸಡಿಲಿಸುತ್ತೇವೆಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದರಿಂದ ಕಡಿಮೆಯಾಗುವುದು ಮಾಲೀಕನ ಅಲೆದಾಟವೋ, ಕೆಲಸಗಾರ್ತಿಯ ನಿದ್ದೆಯೋ? ಅಲೆದಾಟವಾದರೆ ಬೆಂಬಲಿಸೋಣ. ನಿದ್ದೆಯಾದರೆ, ಐಟಿಯವರೂ ಗಾರ್ಮೆಂಟ್ಸಿನವರೂ ಒಟ್ಟಾಗಿ ತಡೆಯೋಣ.